ಕೈಗೆ ಗೊತ್ತಾಗುವ ತಪ್ಪು, ಕಾಲಕ್ಕೆ ಗೊತ್ತಾಗುವ ತಪ್ಪು

ಹೋದ ತಿಂಗಳು ನೆನಪಿನ ಶಕ್ತಿಯ ಬಗ್ಗೆ ಉತ್ತರಿಸುವಾಗ, ನಾವು ಮಾಡುವ ತಪ್ಪುಗಳೆಲ್ಲ ಮಿದುಳಿಗೆ ಒಂದೇ ಬಗೆಯವಲ್ಲ ಎಂದು ಒಂದು ಸಾಲು ಬರೆದಿದ್ದೆ. ಆ ಒಂದು ಸಾಲಿಗೇ ಈ ಸಲ ರಾಶಿ ಕಾಗದಗಳು ಬಂದಿವೆ. ಐದನ್ನು ಆರಿಸಿದ್ದೇನೆ. ಮೊದಲನೆಯದು ಹೆಚ್ಚು ಜಾಗ ಹಿಡಿಯಿತು. ಉಳಿದ ಉತ್ತರಗಳಿಗೂ ಅದೇ ಬುನಾದಿಯಾದ್ದರಿಂದ ದಯವಿಟ್ಟು ಬಿಡದೆ ಓದಿ.

ಪ್ರಶ್ನೆ: ನಾನು ಸಹಕಾರಿ ಸಂಘವೊಂದರಲ್ಲಿ ಮೊದಲು ಕ್ಯಾಶ್ ಕೌಂಟರಿನಲ್ಲಿದ್ದೆ, ಈಗ ಸಾಲದ ವಿಭಾಗದಲ್ಲಿದ್ದೇನೆ. ಕಂಪ್ಯೂಟರಿನಲ್ಲಿ 5,600 ಒತ್ತುವ ಬದಲು 6,500 ಒತ್ತಿದರೆ ಪರದೆ ನೋಡುವ ಮೊದಲೇ ಬೆರಳು ನಿಲ್ಲುತ್ತದೆ, ಎದೆ ಝಲ್ಲೆನ್ನುತ್ತದೆ. ಕೆಲವು ತಪ್ಪು ಮಾತ್ರ ಸಂಜೆ ಲೆಕ್ಕ ತಾಳೆಯಾಗದಾಗಲೇ ಗೊತ್ತಾಗುವುದು. ಇನ್ನು, ಒಬ್ಬರಿಗೆ ಸಾಲ ಕೊಡಬಹುದು ಎಂದು ಶಿಫಾರಸು ಮಾಡಿದ್ದು ತಪ್ಪಾಗಿತ್ತು ಅಂತ ತಿಳಿಯಲು ವರ್ಷಗಳೇ ಬೇಕಾದವು. ತಲೆ ಒಂದೇ ಅಲ್ಲವಾ, ಯಾಕೆ ಹೀಗೆ?
– ಓದುಗರು, ಉಡುಪಿ

ಉತ್ತರ: ತಲೆ ಒಂದೇ. ತಪ್ಪನ್ನು ಹಿಡಿಯುವ ದಾರಿಗಳು ಮಾತ್ರ ಬೇರೆ ಬೇರೆ. ನಿಮ್ಮ ಪ್ರಶ್ನೆಯೊಳಗೆ ಮೂರು ಜಾತಿಯ ತಪ್ಪುಗಳು ಉಂಟು.

ಮೊದಲು ಬೆರಳಿನದ್ದು. 5,600 ಎಂಬ ಸಂಖ್ಯೆ ಬೆರಳಿಗೆ ಇಳಿಯುವ ಮೊದಲೇ ನಿಮ್ಮ ತಲೆಯಲ್ಲಿ ಸಿದ್ಧವಾಗಿರುತ್ತದೆ. ಅಂದರೆ ಹೋಲಿಸಿ ನೋಡಲು ಬೇಕಾದ ಸರಿಯುತ್ತರ ಒಳಗೇ ಇದೆ. ಕೈಗೆ ಹೋದ ಆಜ್ಞೆಗೂ ಆ ಉತ್ತರಕ್ಕೂ ಹೊಂದಾಣಿಕೆ ತಪ್ಪಿದ ಕೂಡಲೇ ಮಿದುಳು ಎಚ್ಚರಗೊಳ್ಳುತ್ತದೆ. 1990ರ ಆಸುಪಾಸಿನಲ್ಲಿ ಜರ್ಮನಿಯ ಡಾರ್ಟ್ಮುಂಡ್‌ನಲ್ಲಿ ಮೈಕೆಲ್ ಫಾಲ್ಕೆನ್‌ಸ್ಟೈನ್ ಮತ್ತು ಸಂಗಡಿಗರು, ಅಮೆರಿಕದ ಇಲಿನಾಯ್‌ನಲ್ಲಿ ವಿಲಿಯಂ ಗೆಹ್ರಿಂಗ್ ಮತ್ತು ಸಂಗಡಿಗರು ಬೇರೆ ಬೇರೆಯಾಗಿಯೇ ಇದನ್ನು ಕಂಡರು. ಜನರ ತಲೆಗೆ ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆಯುವ ಯಂತ್ರದ ತಂತಿಗಳನ್ನು ಹಚ್ಚಿ, ಬೇಗ ಬೇಗ ಗುಂಡಿ ಒತ್ತುವ ಕೆಲಸ ಕೊಟ್ಟಿದ್ದರು. ತಪ್ಪು ಗುಂಡಿ ಒತ್ತಿದ 50ರಿಂದ 100 ಮಿಲಿಸೆಕೆಂಡಿನೊಳಗೆ ನೆತ್ತಿಯ ಮುಂಭಾಗದಲ್ಲಿ ಒಂದು ವಿದ್ಯುತ್ ಅಲೆ ಚೂಪಾಗಿ ಋಣದ ಕಡೆಗೆ ಸರಿಯುತ್ತದೆ. ಇಆರ್‌ಎನ್ ಎಂದು ಅದನ್ನು ಕರೆಯುತ್ತಾರೆ. ಅದು ಹೊರಡುವ ಜಾಗ ಹಣೆಯ ಹಿಂದೆ, ಮಿದುಳಿನ ಎರಡು ಅರ್ಧಗಳು ಮುಖಾಮುಖಿಯಾಗುವ ಒಳಬದಿಯಲ್ಲಿದೆ. ಹೆಸರು ಆಂಟೀರಿಯರ್ ಸಿಂಗ್ಯುಲೇಟ್ ಕಾರ್ಟೆಕ್ಸ್. ಪರದೆಯ ಮೇಲಿನ ಅಂಕಿಯನ್ನು ಕಣ್ಣು ಓದಿ ಮುಗಿಸುವಷ್ಟರಲ್ಲಿ ಇಲ್ಲಿ ಕೆಲಸ ಆಗಿಹೋಗಿರುತ್ತದೆ.

ಮಂಗಳೂರಿನ ಕಾಲೇಜೊಂದರಲ್ಲಿ ಮನೋವಿಜ್ಞಾನ ಕಲಿಸುತ್ತಿದ್ದಾಗ ಹೊಸ ತರಗತಿಗಳಿಗೆ ನಾನೊಂದು ಪ್ರಯೋಗ ಮಾಡಿಸುತ್ತಿದ್ದೆ. ಬೋರ್ಡಿನಲ್ಲಿ ಹಸಿರು ಸೀಮೆಸುಣ್ಣದಿಂದ 'ಕೆಂಪು', ಹಳದಿಯಿಂದ 'ನೀಲಿ' ಎಂದೆಲ್ಲ ಬರೆದು, ಅಕ್ಷರ ಓದಬೇಡಿ, ಬಣ್ಣದ ಹೆಸರು ಹೇಳಿ, ಬೇಗ ಬೇಗ ಎನ್ನುವುದು. ಜಾನ್ ರಿಡ್ಲೆ ಸ್ಟ್ರೂಪ್ 1935ರಲ್ಲಿ ಪ್ರಕಟಿಸಿದ ಪ್ರಯೋಗವದು. 'ಕೆಂ...' ಎಂದು ಬಾಯಿ ತೆರೆದ ಹುಡುಗಿ ಪದ ಮುಗಿಯುವ ಮೊದಲೇ ನಾಲಿಗೆ ಕಚ್ಚಿಕೊಂಡು 'ಹಸಿರು' ಅನ್ನುತ್ತಿದ್ದಳು. ಅವಳಿಗೆ ತಪ್ಪೆಂದು ಯಾರೂ ಹೇಳಿರಲಿಲ್ಲ. ಹೇಳುವಷ್ಟು ಸಮಯವೇ ಯಾರಿಗೂ ಸಿಕ್ಕಿರಲಿಲ್ಲ.

ನಿಮ್ಮ ಬೆರಳಿನ ವಿಷಯಕ್ಕೆ ಇನ್ನೂ ಹತ್ತಿರದ ಒಂದು ಅಧ್ಯಯನ ನನಗೆ ಬಹಳ ಪ್ರಿಯ. 2010ರಲ್ಲಿ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಗಾರ್ಡನ್ ಲೋಗನ್ ಮತ್ತು ಮ್ಯಾಥ್ಯೂ ಕ್ರಂಪ್ ನುರಿತ ಬೆರಳಚ್ಚುಗಾರರನ್ನು ಕೂರಿಸಿದರು. ಕಂಪ್ಯೂಟರ್ ಗುಟ್ಟಾಗಿ ಎರಡು ಕೆಲಸ ಮಾಡುತ್ತಿತ್ತು: ಅವರು ಮಾಡಿದ ಕೆಲವು ತಪ್ಪುಗಳನ್ನು ಪರದೆಯಲ್ಲಿ ತಿದ್ದಿಬಿಡುವುದು, ಅವರು ಸರಿಯಾಗಿ ಹೊಡೆದ ಕಡೆ ಕೆಲವು ತಪ್ಪುಗಳನ್ನು ತಾನೇ ತುರುಕುವುದು. ಕೇಳಿದಾಗ ಅವರು ಪರದೆಯನ್ನೇ ನಂಬಿದರು. ತುರುಕಿದ ತಪ್ಪನ್ನು ತಮ್ಮದೆಂದರು, ತಿದ್ದಿದ್ದನ್ನು ತಾವೇ ಸರಿಯಾಗಿ ಹೊಡೆದದ್ದು ಎಂದರು. ಆದರೆ ಬೆರಳು ಮೋಸಹೋಗಲಿಲ್ಲ. ನಿಜವಾಗಿ ತಪ್ಪು ಹೊಡೆದಾಗಲೆಲ್ಲ ಮುಂದಿನ ಅಕ್ಷರಕ್ಕೆ ನಿಧಾನವಾಯಿತು; ಕಂಪ್ಯೂಟರ್ ತುರುಕಿದ ತಪ್ಪಿಗೆ ನಿಧಾನವಾಗಲೇ ಇಲ್ಲ. ಒಬ್ಬನೇ ಮನುಷ್ಯನೊಳಗೆ ಎರಡು ಕಾವಲು: ಒಂದು ಕೈಯನ್ನು ನೋಡುತ್ತದೆ, ಇನ್ನೊಂದು ಫಲಿತಾಂಶವನ್ನು ನೋಡುತ್ತದೆ. ಕೌಂಟರಿನಲ್ಲಿ ಬೆರಳು ನಿಂತಾಗ ಅದನ್ನು ನಂಬಿ, ಒಮ್ಮೆ ಪರದೆ ನೋಡಿ.

ಇನ್ನು, ಸಂಜೆ ಗೊತ್ತಾಗುವ ತಪ್ಪು. ಮೇಲೆ ಹೇಳಿದ ಅಲೆಯ ಹಿಂದೆಯೇ, ಸುಮಾರು 200ರಿಂದ 500 ಮಿಲಿಸೆಕೆಂಡಿನ ನಡುವೆ, ಧನದ ಕಡೆಗೆ ಏಳುವ ಎರಡನೆಯ ಅಲೆಯೊಂದು ಬರುತ್ತದೆ. 2001ರಲ್ಲಿ ಸ್ಯಾಂಡರ್ ನ್ಯೂವೆನ್‌ಹೌಸ್ ಮತ್ತು ಸಂಗಡಿಗರು ಕಣ್ಣಿನ ಚಲನೆಯ ಪ್ರಯೋಗವೊಂದರಲ್ಲಿ ಇವೆರಡನ್ನೂ ಬೇರ್ಪಡಿಸಿ ನೋಡಿದರು. ಬೆಳಕು ಮಿನುಗಿದ ಕಡೆಗೆ ನೋಡದೆ ಅದರ ಎದುರು ದಿಕ್ಕಿಗೆ ನೋಡಬೇಕು. ಎಷ್ಟೋ ಸಲ ಕಣ್ಣು ತಪ್ಪು ಕಡೆಗೆ ಹಾರುತ್ತದೆ, ಹಾರಿದ್ದು ಆ ವ್ಯಕ್ತಿಗೇ ತಿಳಿಯುವುದಿಲ್ಲ. ಮೊದಲನೆಯ ಅಲೆ ತಿಳಿದ ತಪ್ಪಿಗೂ ತಿಳಿಯದ ತಪ್ಪಿಗೂ ಬಂತು. ಎರಡನೆಯದು ಎದ್ದುಕಂಡದ್ದು 'ಅಯ್ಯೋ, ತಪ್ಪಿದೆ' ಎಂದು ತಿಳಿದಾಗ. ಹಾಗಾಗಿ ನಿಮ್ಮ ಮಿದುಳಿನ ಒಂದು ಮೂಲೆ ಗಮನಿಸಿದ ತಪ್ಪು ನಿಮ್ಮ ಅರಿವಿಗೆ ಬಾರದೆ ಹೋಗಬಹುದು. ಸಂಜೆಯ ತಾಳೆಪಟ್ಟಿ ಇರುವುದು ಅಂಥವುಗಳಿಗಾಗಿಯೇ. ಅದರ ಬಗ್ಗೆ ನಾಚಿಕೆಪಡಬೇಡಿ.

ಮೂರನೆಯದು ಸಾಲದ ಶಿಫಾರಸು. ನೀವು ಸಹಿ ಹಾಕಿದ ದಿನ ಸರಿಯುತ್ತರ ನಿಮ್ಮ ತಲೆಯಲ್ಲಿರಲಿಲ್ಲ, ಸಾಲ ಪಡೆದವರ ತಲೆಯಲ್ಲೂ ಇರಲಿಲ್ಲ. ಅದು ಇನ್ನೂ ನಡೆಯದ ವರ್ಷಗಳಲ್ಲಿತ್ತು. ಹೋಲಿಸಲು ಏನೂ ಇಲ್ಲದಾಗ ಮಿದುಳು ಎಚ್ಚರಿಸುವುದಾದರೂ ಯಾವುದರ ಆಧಾರದಿಂದ? ಇಂಥ ಕಡೆ ಅದು ಹೊರಗಿನಿಂದ ಬರುವ ಸುದ್ದಿಗಾಗಿ ಕಾಯುತ್ತದೆ. 1997ರಲ್ಲಿ ವೋಲ್ಫ್‌ಗಾಂಗ್ ಮಿಲ್ಟ್‌ನರ್ ಮತ್ತು ಸಂಗಡಿಗರು, ಒಂದು ಸೆಕೆಂಡು ಕಳೆಯಿತು ಅನ್ನಿಸಿದಾಗ ಗುಂಡಿ ಒತ್ತಿ ಎಂದು ಜನರಿಗೆ ಹೇಳಿದರು. ಸರಿಯಾಯಿತೋ ಇಲ್ಲವೋ ಎಂದು ಒತ್ತಿದವರಿಗೆ ತಿಳಿಯದು. 'ತಪ್ಪು' ಎಂಬ ಸೂಚನೆ ಬಂದ ಮೇಲೆ, ಸುಮಾರು 250 ಮಿಲಿಸೆಕೆಂಡಿಗೆ, ಅದೇ ಮುಂಭಾಗದಲ್ಲಿ ಇಆರ್‌ಎನ್‌ನಂಥದೇ ಅಲೆ ಕಾಣಿಸಿತು. ಕೈ ಜಾರಿದಾಗ ಕೈಯಿಂದಲೇ ತಿಳಿದುಕೊಳ್ಳುವ ಮಿದುಳು, ಅಂದಾಜು ಜಾರಿದಾಗ ಸುದ್ದಿ ಬಂದ ಮೇಲೆ ತಿಳಿದುಕೊಳ್ಳುತ್ತದೆ.

ಆ ಸುದ್ದಿ ತಡವಾದರೆ? 2011ರಲ್ಲಿ ಕ್ಯಾರಿನ್ ಫೋರ್ಡೆ ಮತ್ತು ದಾಫ್ನಾ ಶೋಹಾಮಿ ಪಾರ್ಕಿನ್ಸನ್ ರೋಗಿಗಳ ಮೇಲೆ ಮಾಡಿದ ಅಧ್ಯಯನ ಇಲ್ಲಿ ಮುಖ್ಯ. ಆ ರೋಗದಲ್ಲಿ ಡೋಪಮೈನ್ ಎಂಬ, ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕ ಕಡಿಮೆಯಾಗಿ ಮಿದುಳಿನ ಆಳದಲ್ಲಿರುವ ಸ್ಟ್ರಯೇಟಮ್ ಎಂಬ ಭಾಗ ಸೊರಗಿರುತ್ತದೆ. ಸರಿ-ತಪ್ಪು ತಕ್ಷಣ ತಿಳಿಸಿದಾಗ ಅವರ ಕಲಿಕೆ ಹಿಂದೆ ಬಿತ್ತು. ಕೆಲವೇ ಸೆಕೆಂಡು ತಡಮಾಡಿ ತಿಳಿಸಿದಾಗ ಉಳಿದವರಷ್ಟೇ ಚೆನ್ನಾಗಿ ಕಲಿತರು. ತಡವಾದ ಸುದ್ದಿಯನ್ನು ಹಳೆಯ ಆಯ್ಕೆಗೆ ಜೋಡಿಸುವ ಹೊಣೆ ಆಗ ನೆನಪಿನ ಅಂಗವಾದ ಹಿಪೊಕ್ಯಾಂಪಸ್‌ಗೆ ಹೋಗಿತ್ತು. ಕೆಲವು ಸೆಕೆಂಡಿಗೇ ದಾರಿ ಬದಲಾದರೆ ವರ್ಷಗಳ ಅಂತರದಲ್ಲಿ ಉಳಿಯುವುದು ನೆನಪೊಂದೇ. ನೆನಪೋ, ಮುಂದೆ ನಡೆದದ್ದಕ್ಕೆ ಒಗ್ಗುವಂತೆ ಹಿಂದಿನದನ್ನು ತಿದ್ದಿಕೊಳ್ಳುತ್ತದೆ. 'ಆಗಲೇ ನನಗೆ ಅನುಮಾನ ಇತ್ತು' ಅನ್ನಿಸುತ್ತದೆ. ಇದ್ದಿರಲಿಕ್ಕಿಲ್ಲ.

ನನ್ನ ಸಲಹೆ ಇಷ್ಟೇ: ಶಿಫಾರಸು ಬರೆದ ದಿನವೇ ನಿಮ್ಮದೇ ಪುಸ್ತಕದಲ್ಲಿ ಎರಡು ಸಾಲು ಬರೆದಿಡಿ. ಯಾಕೆ ನಂಬಿದಿರಿ, ಏನು ಕೆಡಬಹುದು ಎಂದು ಅನ್ನಿಸಿತು, ಮತ್ತೆ ಯಾವಾಗ ನೋಡುತ್ತೀರಿ. ಇನ್ನೊಂದು ಸಂಗತಿಯನ್ನು ನಿಮ್ಮ ವೃತ್ತಿಯವರು ಗಮನಿಸುವುದು ಕಡಿಮೆ: ನೀವು ಬೇಡ ಎಂದು ಹಿಂದೆ ಕಳಿಸಿದ ಅರ್ಜಿಗಳ ಫಲ ನಿಮಗೆ ಎಂದೂ ತಲುಪುವುದಿಲ್ಲ. ಆ ಮನುಷ್ಯ ಬೇರೆಲ್ಲೋ ಸಾಲ ತೆಗೆದು, ಅಂಗಡಿ ಹಾಕಿ, ಕಂತು ಸರಿಯಾಗಿ ಕಟ್ಟಿರಬಹುದು. ಕೊಟ್ಟು ಕೆಟ್ಟದ್ದು ಮಾತ್ರ ಕಣ್ಣಿಗೆ ಬೀಳುತ್ತಾ ಹೋದರೆ ವರ್ಷದಿಂದ ವರ್ಷಕ್ಕೆ ನೀವು ಹೆದರುತ್ತಾ ಹೋಗುತ್ತೀರಿ, ಸಾಲ ನಿಜವಾಗಿ ಬೇಕಾದ ಬಡವರಿಗೆ ಬಾಗಿಲು ಮುಚ್ಚುತ್ತದೆ. ತಿರಸ್ಕರಿಸಿದ್ದರಲ್ಲೂ ಕೆಲವನ್ನು ವಿಚಾರಿಸಿ ನೋಡಿ.

ಪ್ರಶ್ನೆ: ನಾನು ಹವ್ಯಾಸಿ ಮೇಳದಲ್ಲಿ ಮದ್ದಳೆ ಬಾರಿಸುತ್ತೇನೆ. ಕೆಲವೊಮ್ಮೆ ಕೈ ಬೀಳುವ ಮೊದಲೇ 'ಇದು ತಪ್ಪುತ್ತದೆ' ಅಂತ ಗೊತ್ತಾಗುತ್ತದೆ, ಆದರೂ ತಡೆಯಲು ಆಗುವುದಿಲ್ಲ. ಇದು ಭ್ರಮೆಯಾ?
– ಓದುಗರು, ಬ್ರಹ್ಮಾವರ

ಉತ್ತರ: ಭ್ರಮೆಯಲ್ಲ. 2009ರಲ್ಲಿ ಜರ್ಮನಿಯ ಎರಡು ತಂಡಗಳು, ಒಂದು ಹ್ಯಾನೋವರ್‌ನದ್ದು, ಇನ್ನೊಂದು ಲೈಪ್‌ಜಿಗ್‌ನದ್ದು, ಪಿಯಾನೋ ವಾದಕರಲ್ಲಿ ಇದನ್ನೇ ಕಂಡವು. ತಪ್ಪು ಕೀಲಿ ಒತ್ತುವುದಕ್ಕೆ ಸುಮಾರು 70ರಿಂದ 100 ಮಿಲಿಸೆಕೆಂಡು ಮೊದಲೇ ಮಿದುಳಿನ ಅಲೆ ಬದಲಾಗಿತ್ತು. ಇನ್ನೂ ಸೊಗಸಾದ ಸಂಗತಿ ಎಂದರೆ ತಪ್ಪು ಸ್ವರಗಳು ಸರಿ ಸ್ವರಗಳಿಗಿಂತ ಮೆಲ್ಲಗೆ ಕೇಳಿಸಿದವು. ಕೈ ಹೊರಟಾಗಿತ್ತು, ನಿಲ್ಲಿಸಲು ಹೊತ್ತು ಮೀರಿತ್ತು; ಆದರೂ ಮಿದುಳು ಕೊನೆಯ ಗಳಿಗೆಯಲ್ಲಿ ಪೆಟ್ಟಿನ ಬಲವನ್ನು ತಗ್ಗಿಸಿತ್ತು. ವರ್ಷಗಟ್ಟಲೆ ಸಾಧನೆ ಮಾಡಿದ ಕೈಯಿಂದ ಹೊರಡುವ ಪ್ರತಿ ಆಜ್ಞೆಯ ಜೊತೆಗೆ, ಅದರಿಂದ ಏನಾಗಬೇಕು ಎಂಬ ಮುನ್ನೋಟವೂ ಹೊರಡುತ್ತದೆ. ನಿಮ್ಮ ಭಾಗವತರಿಗೆ ಕೇಳಿಸದೆ ಹೋದ ಎಷ್ಟೋ ತಪ್ಪು ಪೆಟ್ಟುಗಳು ಹೀಗೆ ಮೆತ್ತಗಾದವೇ ಇರಬೇಕು. ಸಾಧನೆ ಮುಂದುವರಿಸಿ, ಮುನ್ನೋಟ ಇನ್ನೂ ಹರಿತವಾಗುತ್ತದೆ.

ಪ್ರಶ್ನೆ: ನಾನು ಆಳಸಮುದ್ರ ಮೀನುಗಾರಿಕೆ ಬೋಟು ನಡೆಸುವ ತಾಂಡೇಲ. ಹೋದ ಸಲ ಗಾಳಿಯ ಎಚ್ಚರಿಕೆ ಕೇಳಿ ಬಲೆ ಎತ್ತಿ ಬಂದರಿಗೆ ಮರಳಿದೆ. ಅಲ್ಲೇ ನಿಂತ ಮತ್ತೊಂದು ಬೋಟಿಗೆ ಬೊಂಡಾಸ್, ರಾಣಿಮೀನು ಭರ್ತಿ ಸಿಕ್ಕಿತು, ಗಾಳಿಯೂ ಅಷ್ಟಾಗಿ ಬರಲಿಲ್ಲ. ನಮಗೆ ಡೀಸೆಲಿನ ದುಡ್ಡೂ ಹುಟ್ಟಲಿಲ್ಲ. ಕಲಾಸಿಗಳು ಮುಖ ಕೊಟ್ಟು ಮಾತಾಡುವುದಿಲ್ಲ. ನನ್ನ ತೀರ್ಮಾನ ತಪ್ಪಾ? ರಾತ್ರಿ ನಿದ್ದೆ ಇಲ್ಲ.
– ಓದುಗರು, ಮಲ್ಪೆ

ಉತ್ತರ: ನಿಮ್ಮ ತೀರ್ಮಾನ ಸರಿ. ಇದನ್ನು ಮೊದಲೇ ಹೇಳಿ ಮುಂದಕ್ಕೆ ಹೋಗುತ್ತೇನೆ. ಬೋಟಿನಲ್ಲಿರುವ ಅಷ್ಟೂ ಜನರ ಜೀವ ನಿಮ್ಮ ಒಂದು ಮಾತಿನ ಮೇಲಿತ್ತು. ಎಚ್ಚರಿಕೆ ಬಂದ ಗಳಿಗೆಯಲ್ಲಿ ಗೊತ್ತಿದ್ದಷ್ಟರಲ್ಲಿ ನೀವು ಮಾಡಬೇಕಾದದ್ದನ್ನೇ ಮಾಡಿದಿರಿ.

ಹಾಗಾದರೆ ನಿದ್ದೆ ಯಾಕಿಲ್ಲ? ಫಲ ಕೆಟ್ಟರೆ ತೀರ್ಮಾನವೇ ಕೆಟ್ಟದ್ದೆಂದು ಮನಸ್ಸು ಲೆಕ್ಕ ಹಾಕುತ್ತದೆ. ನಿಮ್ಮದು ಮಾತ್ರವಲ್ಲ, ಎಲ್ಲರದ್ದೂ. 1988ರಲ್ಲಿ ಅಮೆರಿಕದ ಜೊನಾಥನ್ ಬ್ಯಾರನ್ ಮತ್ತು ಜಾನ್ ಹರ್ಶಿ ಜನರ ಮುಂದೆ ಒಬ್ಬ ವೈದ್ಯನ ಶಸ್ತ್ರಚಿಕಿತ್ಸೆಯ ತೀರ್ಮಾನವನ್ನಿಟ್ಟರು. ರೋಗಿಯ ಸ್ಥಿತಿ ಅದೇ, ಅಪಾಯದ ಲೆಕ್ಕ ಅದೇ. ರೋಗಿ ಬದುಕಿದ ಎಂದು ಓದಿದವರು ತೀರ್ಮಾನವನ್ನು ಮೆಚ್ಚಿದರು, ಸತ್ತ ಎಂದು ಓದಿದವರು ಅದನ್ನೇ ಕೀಳಾಗಿ ಕಂಡರು. ನಿಮ್ಮ ಕಲಾಸಿಗಳು ಮಾಡುತ್ತಿರುವುದೂ ಇದನ್ನೇ. ಅವರ ಮೇಲೆ ಸಿಟ್ಟು ಬೇಡ. ಅವರ ಪಾಲೂ ಮೀನಿನಲ್ಲೇ ಇತ್ತು.

ಮಿದುಳಿನ ಆಳದಲ್ಲಿ ಡೋಪಮೈನ್ ಹೊರಸೂಸುವ ನರಕೋಶಗಳು ಇವೆ. ವೋಲ್ಫ್ರಾಮ್ ಶುಲ್ಟ್ಸ್ ಮಂಗಗಳಲ್ಲಿ ಇವುಗಳನ್ನು ಅಳೆದರು. ಪೀಟರ್ ಡಯಾನ್ ಮತ್ತು ರೀಡ್ ಮಾಂಟೆಗ್ಯೂ ಜೊತೆ 1997ರಲ್ಲಿ ಅವರು ಬರೆದ ಲೇಖನ ಈ ಕ್ಷೇತ್ರದ ದಿಕ್ಕನ್ನೇ ತಿರುಗಿಸಿತು. ನೆನೆಸದೆ ಹಣ್ಣಿನ ರಸ ಸಿಕ್ಕರೆ ಆ ಕೋಶಗಳು ಜೋರಾಗಿ ಮಿಡಿಯುತ್ತವೆ. ದೀಪ ಹತ್ತಿದ ಮೇಲೆ ರಸ ಬರುತ್ತದೆ ಎಂದು ಮಂಗ ಕಲಿತ ಮೇಲೆ ದೀಪಕ್ಕೇ ಮಿಡಿಯುತ್ತವೆ, ರಸ ಬಂದಾಗ ಸುಮ್ಮನಿರುತ್ತವೆ. ದೀಪ ಹತ್ತಿಯೂ ರಸ ಬಾರದಿದ್ದರೆ, ಅದು ಬರಬೇಕಾಗಿದ್ದ ಗಳಿಗೆಯಲ್ಲೇ ಅವುಗಳ ಮಿಡಿತ ಕುಸಿಯುತ್ತದೆ. ಆ ಕುಸಿತ ಹೇಳುವುದು 'ಎಣಿಸಿದ್ದಕ್ಕಿಂತ ಕಡಿಮೆ ಬಂತು' ಎಂದಷ್ಟೇ. ತಪ್ಪು ಯಾರದ್ದು, ತಪ್ಪು ಆಗಿದೆಯೋ ಇಲ್ಲವೋ ಎಂಬುದನ್ನು ಅದು ಹೇಳುವುದಿಲ್ಲ. ಬಲೆ ಖಾಲಿಯಾದದ್ದು ನಿಮ್ಮ ಅಜಾಗ್ರತೆಯಿಂದಲೋ, ನೀರಿನ ಸೆಳೆತದಿಂದಲೋ ಅದಕ್ಕೆ ಗೊತ್ತಿಲ್ಲ. ಎರಡಕ್ಕೂ ಒಂದೇ ಕುಸಿತ.

ಇದರ ಮೇಲೆ ಪಕ್ಕದ ಬೋಟಿನ ಸಂಕಟ ಬೇರೆ. ಕಣ್ಣಿನ ಮೇಲ್ಭಾಗದಲ್ಲಿ, ಹಣೆಯ ಅಡಿಯಲ್ಲಿರುವ ಆರ್ಬಿಟೊಫ್ರಂಟಲ್ ಭಾಗ 'ಅದನ್ನು ಆರಿಸಿದ್ದರೆ ಏನು ಸಿಗುತ್ತಿತ್ತು' ಎಂಬ ಹೋಲಿಕೆಯಲ್ಲಿ ತೊಡಗುತ್ತದೆ. 2004ರಲ್ಲಿ ಫ್ರಾನ್ಸಿನ ನತಾಲಿ ಕಮೀಲ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ, ಜನರು ಎರಡು ಜೂಜಿನ ಚಕ್ರಗಳಲ್ಲಿ ಒಂದನ್ನು ಆರಿಸಬೇಕಿತ್ತು. ಬಿಟ್ಟ ಚಕ್ರದಲ್ಲಿ ದೊಡ್ಡ ಮೊತ್ತ ಬಂತೆಂದು ತೋರಿಸಿದರೆ ಸಾಮಾನ್ಯ ಜನರು ಪಶ್ಚಾತ್ತಾಪಪಟ್ಟರು, ಮುಂದಿನ ಆಯ್ಕೆಗಳನ್ನು ಅದಕ್ಕೆ ತಕ್ಕಂತೆ ಬದಲಿಸಿದರು. ಆ ಭಾಗಕ್ಕೆ ಪೆಟ್ಟಾದವರಿಗೆ ತಮ್ಮ ಸೋಲಿನ ಬೇಸರ ಇತ್ತು, ಬಿಟ್ಟದ್ದರ ಕೊರಗು ಇರಲಿಲ್ಲ. ಕೊರಗು ರೋಗವಲ್ಲ; ಕಲಿಯುವ ದಾರಿಗಳಲ್ಲಿ ಅದೂ ಒಂದು. ಆದರೆ ಅದು ತಪ್ಪು ಪಾಠವನ್ನೂ ಅಷ್ಟೇ ಶ್ರದ್ಧೆಯಿಂದ ಕಲಿಸುತ್ತದೆ, ನನ್ನ ಭಯ ಅಲ್ಲಿದೆ. 'ಎಚ್ಚರಿಕೆ ಬಂದರೂ ನಿಂತರೆ ಮೀನು' ಎಂದು ನಿಮ್ಮ ಮಿದುಳು ಈಗ ಬರೆದುಕೊಳ್ಳುತ್ತಿದೆ. ಆ ಇನ್ನೊಂದು ಬೋಟಿನ ತಾಂಡೇಲರ ಮಿದುಳು ಇನ್ನೂ ದಪ್ಪ ಅಕ್ಷರದಲ್ಲಿ ಬರೆದುಕೊಂಡಿದೆ, ಏಕೆಂದರೆ ಅವರಿಗೆ ತಪ್ಪಾಯಿತು ಎಂಬ ಸೂಚನೆಯೇ ಸಿಗಲಿಲ್ಲ. ಕೆಟ್ಟ ತೀರ್ಮಾನಕ್ಕೆ ಒಳ್ಳೆಯ ಫಲ ಸಿಕ್ಕಾಗ ಅದನ್ನು ತಪ್ಪೆಂದು ಗುರುತಿಸುವ ಅಲೆ ಯಾವುದೂ ಏಳುವುದಿಲ್ಲ. ನಾನು ಬಲ್ಲ ತಪ್ಪುಗಳಲ್ಲೆಲ್ಲ ಅಪಾಯಕಾರಿ ಇದೇ.

ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಮೀನು ಸಿಗಬಹುದಾದ ವಲಯದ ಮಾಹಿತಿಯನ್ನೂ ಸಮುದ್ರದ ಸ್ಥಿತಿಯ ಮುನ್ಸೂಚನೆಯನ್ನೂ ಕೊಡುತ್ತದೆ, ನಿಮಗೆ ಗೊತ್ತಿರುವುದೇ. ಹೊರಡುವಾಗ, ಮರಳುವಾಗ, ಆ ಹೊತ್ತಿಗೆ ಯಾವ ಸೂಚನೆ ಕೈಯಲ್ಲಿತ್ತು, ಯಾಕೆ ಹೀಗೆ ಮಾಡುತ್ತಿದ್ದೀರಿ ಎಂಬುದನ್ನು ಮೊಬೈಲಿನಲ್ಲಿ ನಿಮ್ಮ ಧ್ವನಿಯಲ್ಲೇ ರೆಕಾರ್ಡ್ ಮಾಡಿಡಿ. ಜೂನ್ 1ರಿಂದ ಜುಲೈ 31ರವರೆಗೆ ಬೋಟು ದಡದಲ್ಲಿರುವ 61 ದಿನಗಳಲ್ಲಿ ಕಲಾಸಿಗಳನ್ನೂ ಕೂರಿಸಿಕೊಂಡು ಕೇಳಿ. ಇಡೀ ಋತುವಿನ ತೀರ್ಮಾನಗಳನ್ನು ಒಟ್ಟಿಗೆ ಕೇಳಿದಾಗ ಎಚ್ಚರಿಕೆ ಎಷ್ಟು ಸಲ ನಿಜವಾಯಿತು ಎಂದು ಅವರಿಗೂ ತಿಳಿಯುತ್ತದೆ. ನಾಳೆ ಅದೇ ಎಚ್ಚರಿಕೆ ಬಂದರೆ, ದಯವಿಟ್ಟು ಪುನಃ ಮರಳಿ ಬನ್ನಿ.

ಪ್ರಶ್ನೆ: ಮಗ ದ್ವಿತೀಯ ಪಿಯುಸಿ, ನೀಟ್‌ಗೆ ತಯಾರಿ ಮಾಡುತ್ತಿದ್ದಾನೆ. ಅಣಕು ಪರೀಕ್ಷೆಯಲ್ಲಿ ಒಂದು ಲೆಕ್ಕ ತಪ್ಪಿತು ಎಂದು ಗೊತ್ತಾದರೆ ಸಾಕು, ಮುಂದಿನ ನಾಲ್ಕೈದು ಗೊತ್ತಿದ್ದೂ ತಪ್ಪಿಸುತ್ತಾನೆ. 'ಸಿಲ್ಲಿ ಮಿಸ್ಟೇಕ್' ಎಂದು ಅಳುತ್ತಾನೆ. ಬೈಯ್ಯಬೇಕಾ, ಬಿಡಬೇಕಾ?
– ತಾಯಿ, ಬಿಜೈ, ಮಂಗಳೂರು

ಉತ್ತರ: ಬೈಯ್ಯಬೇಡಿ. ಅವನ ಒಳಗಿನ ಕಾವಲು ಈಗಾಗಲೇ ಬೈದಾಗಿದೆ. ಆತಂಕ ಹೆಚ್ಚಿರುವವರಲ್ಲಿ, ಒಸಿಡಿ ಎಂಬ ಗೀಳಿನ ಕಾಯಿಲೆ ಇರುವವರಲ್ಲಿ, ಮೇಲೆ ಹೇಳಿದ ಇಆರ್‌ಎನ್ ಅಲೆ ದೊಡ್ಡದಾಗಿರುವುದನ್ನು ಹಲವು ಅಧ್ಯಯನಗಳು ಕಂಡಿವೆ. ಅಲೆ ದೊಡ್ಡದಾದರೆ ತಪ್ಪು ಕಡಿಮೆಯಾಗುತ್ತದೆ ಎಂದೇನೂ ಇಲ್ಲ.

ತಪ್ಪಿದ ಮೇಲೆ ಮನುಷ್ಯ ನಿಧಾನಿಸುತ್ತಾನೆ ಎಂದು ಪ್ಯಾಟ್ರಿಕ್ ರ್‍ಯಾಬಿಟ್ 1966ರಲ್ಲೇ ತೋರಿಸಿದ್ದರು. ಅದು ಎಚ್ಚರಿಕೆಯಿಂದ ಎಂದು ಬಹುಕಾಲ ನಂಬಿದ್ದೆವು. 2009ರಲ್ಲಿ ಇನೆಸ್ ಯೆಂಚ್ ಮತ್ತು ಕರೋಲಿನ್ ಡುಡ್ಶಿಗ್ ಇನ್ನೊಂದು ಮುಖ ತೋರಿಸಿದರು: ತಪ್ಪಿನ ಬೆನ್ನಿಗೇ ಮುಂದಿನ ಪ್ರಶ್ನೆ ಬಂದರೆ ಜನ ನಿಧಾನವೂ ಆಗುತ್ತಾರೆ, ಇನ್ನಷ್ಟು ತಪ್ಪನ್ನೂ ಮಾಡುತ್ತಾರೆ. ಮಿದುಳು ಹಳೆಯ ತಪ್ಪನ್ನು ವಿಲೇವಾರಿ ಮಾಡುವುದರಲ್ಲೇ ಮುಳುಗಿರುತ್ತದೆ. ಸ್ವಲ್ಪ ಬಿಡುವು ಸಿಕ್ಕರೆ ಆ ಹಾನಿ ಕಾಣಿಸುವುದಿಲ್ಲ. ನೀಟ್‌ನಲ್ಲಿ ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಳೆತ. ಒಂದು ತಪ್ಪಿನ ಬೆಲೆ ಅಷ್ಟೇ, ಅದರ ಹಿಂದೆ ಓಡಿ ಕಳೆದುಕೊಳ್ಳುವ ನಾಲ್ಕೈದರ ಬೆಲೆ ಹೆಚ್ಚು. ತಪ್ಪು ಕಂಡಾಗ ಪೆನ್ನು ಕೆಳಗಿಟ್ಟು ಒಂದು ಉಸಿರು ಪೂರ್ತಿ ತೆಗೆದು ಬಿಡಲಿ, ಆಮೇಲೆ ಮುಂದಿನ ಪ್ರಶ್ನೆ. ಅಣಕು ಪರೀಕ್ಷೆಗಳಲ್ಲೇ ಇದು ಅಭ್ಯಾಸವಾಗಬೇಕು.

ಉತ್ತರಪತ್ರಿಕೆ ನೋಡುವಾಗ ಗೊತ್ತಿದ್ದೂ ಜಾರಿದವಕ್ಕೆ ಒಂದು ಬಣ್ಣ, ಗೊತ್ತಿಲ್ಲದೆ ಹೋದವಕ್ಕೆ ಇನ್ನೊಂದು ಬಣ್ಣ ಹಾಕಿಸಿ. ಎಲ್ಲವನ್ನೂ 'ಸಿಲ್ಲಿ' ಎಂದು ಕರೆದು ಹುಡುಗರು ಗೊತ್ತಿಲ್ಲದ ಪಾಠಗಳನ್ನು ಮುಚ್ಚಿಡುವುದನ್ನು ನಾನು ಬಹಳ ನೋಡಿದ್ದೇನೆ. ಜಾರಿದವಕ್ಕೆ ನಿದ್ದೆ ಮತ್ತು ನಿಧಾನ ಬೇಕು, ಗೊತ್ತಿಲ್ಲದವಕ್ಕೆ ಪುಸ್ತಕ ಬೇಕು. ಎರಡಕ್ಕೂ 'ಇನ್ನೂ ನಾಲ್ಕು ಗಂಟೆ ಹೆಚ್ಚು ಓದು' ಎಂಬ ಒಂದೇ ಮದ್ದು ಕೊಡುವುದನ್ನು ನಮ್ಮ ಊರಿನ ತಂದೆತಾಯಿ ನಿಲ್ಲಿಸಬೇಕು ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಅಳು ವಾರಗಟ್ಟಲೆ ನಿಲ್ಲದಿದ್ದರೆ, ಊಟ ನಿದ್ದೆ ಕೆಟ್ಟರೆ, ಪರೀಕ್ಷೆ ಮುಗಿಯಲಿ ಎಂದು ಕಾಯಬೇಡಿ, ಮನೋವೈದ್ಯರನ್ನು ಕಾಣಿ.

ಪ್ರಶ್ನೆ: ಮೆಹಂದಿ ಕಾರ್ಯಕ್ರಮಗಳಲ್ಲಿ ಎರಡು ಪೆಗ್ ಹಾಕಿದರೂ ನನ್ನ ಡ್ರೈವಿಂಗ್‌ನಲ್ಲಿ ಒಂದು ತಪ್ಪೂ ಆಗುವುದಿಲ್ಲ. ಹೆಂಡತಿ ನಂಬುವುದಿಲ್ಲ.
– ಓದುಗರು, ಸುರತ್ಕಲ್

ಉತ್ತರ: ಅವರು ನಂಬದಿರುವುದೇ ಸರಿ. 2002ರಲ್ಲಿ ನೆದರ್‌ಲೆಂಡ್ಸ್‌ನ ರಿಚರ್ಡ್ ರಿಡರಿಂಕಾಫ್ ಮತ್ತು ಸಂಗಡಿಗರು ಸಾಧಾರಣ ಪ್ರಮಾಣದ ಮದ್ಯ ಕುಡಿಸಿ ಅಳೆದಾಗ ಇಆರ್‌ಎನ್ ಅಲೆಯೇ ತಗ್ಗಿತ್ತು. ತಪ್ಪಿದ ಮೇಲೆ ಸುಧಾರಿಸಿಕೊಳ್ಳುವುದೂ ಕೆಟ್ಟಿತ್ತು. ತಪ್ಪನ್ನು ಹಿಡಿಯುವ ಭಾಗವೇ ಮಂಕಾಗಿರುವಾಗ 'ತಪ್ಪು ಆಗಲಿಲ್ಲ' ಎಂಬ ನಿಮ್ಮ ಸಾಕ್ಷಿಗೆ ಬೆಲೆ ಇಲ್ಲ. ಕಾನೂನಿನ ಮಿತಿ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ. ನೀವು ಅದನ್ನು ದಾಟಿದ್ದೀರೋ ಇಲ್ಲವೋ ಎಂದು ಎರಡನೆಯ ಗ್ಲಾಸಿನ ನಂತರ ನಿಮ್ಮ ತಲೆಯನ್ನೇ ಕೇಳಿ ಪ್ರಯೋಜನವಿಲ್ಲ. ಮೆಹಂದಿ ಮನೆಯ ಅಂಗಳದಲ್ಲಿ ಗಾಡಿ ನಿಲ್ಲಿಸಿದ ಕೂಡಲೇ, ಮೊದಲ ಗ್ಲಾಸಿಗೂ ಮೊದಲು, ಕೀಲಿಯನ್ನು ಕುಡಿಯದವರ ಕೈಗೆ ಕೊಡಿ. ಹೆದ್ದಾರಿ 66ರಲ್ಲಿ ಆ ಹೊತ್ತಿಗೆ ಲಾರಿಗಳ ಓಡಾಟ ಜೋರಿರುತ್ತದೆ.